ಗಿಂಡಿಗೆ ಮೂತಿ ಇರಲಿಲ್ಲ

ಮರಕ್ಕಡವು,
೩೧ ಮೇ ೨೦೨೫, ಶನಿವಾರ ಮಧ್ಯಾಹ್ನ

ಪ್ರೀತಿಯ ಕೂಸೇ ಲತಾಮಣಿ,

ಮೊದಲು ನಿನ್ನ ಸೋದರಮಾವನ ಆಶೀರ್ವಾದ ತೆಗೆದುಕೊ, ಬೈಯುವುದಿದ್ದರೆ ಕಾಗದ ಪೂರ್ತಿ ಓದಿದ ಮೇಲೆ ಬೈದುಕೊ. ಹೇಗಿದ್ದೀಯ? ರಾತ್ರಿ ಡ್ಯೂಟಿ ಮುಗಿಸಿ ಬಂದರೆ ಹಿಮ್ಮಡಿ ಊರುವುದಕ್ಕೇ ಆಗುವುದಿಲ್ಲ ಎಂದಿದ್ದೆ. ಬಿಸಿನೀರಿಗೆ ಕಲ್ಲುಪ್ಪು ಹಾಕಿ ಕಾಲು ಇಳಿಬಿಟ್ಟುಕೊಂಡು ಕೂರುತ್ತೀಯೋ, ಇಲ್ಲ ಕೋಳಿಕ್ಕೋಡಿನ ರೋಗಿಗಳಿಗೆಲ್ಲ ಬುದ್ಧಿ ಹೇಳಿ ನೀನು ಮಾತ್ರ ಕುಂಟುತ್ತಿದ್ದೀಯೋ? ನಿನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ನನ್ನನ್ನು ಬೈಯುವ ದನಿಯೇ ಅದಕ್ಕೆ ಸರ್ಟಿಫಿಕೇಟು. ಹೊಳೆಯಾಚೆ ಬೈರಕುಪ್ಪೆಯವರಿಗೂ ಕೇಳುತ್ತದೆ. ಮಳೆ ಈ ಸಲ ಬೇಗ ಹಿಡಿದಿದೆ. ಜಗುಲಿಯ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ, ಮೇಲೆ ತಗಡಿನ ಸದ್ದು ಎಂಥದೆಂದರೆ ನಾನು ಕೆಮ್ಮಿದರೆ ನನಗೇ ಕೇಳಿಸುತ್ತಿಲ್ಲ.

ಫೋನ್ ಇರುವಾಗ ಮಾವ ಕಾಗದ ಯಾಕೆ ಬರೆದ ಎಂದು ನಿನಗೆ ಗಾಬರಿ ಆಗಬಹುದು. ಫೋನು ಕೈಗೆ ಬಂದರೆ ನನ್ನ ಬಾಯಿ ತಾನಾಗಿ ದೊಡ್ಡದಾಗುತ್ತದೆ, ಅದು ನಿನಗೂ ಗೊತ್ತು. ಮೇಲಾಗಿ ನಿನ್ನ ಅಮ್ಮ, ನನ್ನ ಅಕ್ಕ, ಹತ್ತಿರದಲ್ಲೇ ಸೊಪ್ಪು ಸೋಸುತ್ತಾ ಕಿವಿ ಇಟ್ಟಿರುತ್ತಾಳೆ. ಇದು ಅವಳಿಗೆ ಗೊತ್ತಾಗಬಾರದ ವಿಷಯ. ನಮ್ಮ ಕ್ಲಾಸಿನ (ಯಾವ ಕ್ಲಾಸು ಎಂದು ಮುಂದೆ ಹೇಳುತ್ತೇನೆ) ಶ್ರೀಧರನ್ ನಾಳೆ ಮೊದಲ ಬಸ್ಸಿಗೆ ಕೋಳಿಕ್ಕೋಡಿಗೆ ಮಗಳ ಮನೆಗೆ ಹೋಗುತ್ತಾನೆ. ಇವತ್ತು ಸಂಜೆಯೊಳಗೆ ಬಂದು ಇದನ್ನು ತೆಗೆದುಕೊಂಡು ಹೋಗಿ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಹಾಳೆಯಲ್ಲಿ ಎಡಗಡೆ ಇಷ್ಟಗಲ ಜಾಗ ಬಿಟ್ಟು ಸಾಲುಗಳೆಲ್ಲ ಬಲಕ್ಕೆ ಒತ್ತಿಕೊಂಡಿವೆ ಎಂದು ನಗಬೇಡ. ದೊಡ್ಡವರು ಹಾಗೇ ಬರೆಯುವುದು.

ವಿಷಯ ಇಷ್ಟು. ನಾಡಿದ್ದು ಸೋಮವಾರ ಶಾಲೆ ತೆರೆಯುತ್ತದೆ. ಕಾಡಂಚಿನ ಹಾಡಿಯ ಮಕ್ಕಳನ್ನು ಪುಲ್ಪಳ್ಳಿಯ ಶಾಲೆಗೆ ಮುಟ್ಟಿಸಿ ಸಂಜೆ ವಾಪಸ್ ತರುವುದು ನಿನ್ನ ಮಾವನ ಜೀಪು. ಇಷ್ಟು ವರ್ಷದಲ್ಲಿ ಒಂದು ಮಗುವಿನ ಮೊಣಕಾಲೂ ತರಚಿಲ್ಲ. ಆನೆ ಅಡ್ಡ ನಿಂತಾಗ ಹಿಂದಕ್ಕೆ ಹಿಂದಕ್ಕೇ ಓಡಿಸಿಕೊಂಡು ಬಂದವನು ನಾನು, ಇನ್ನೊಂದು ಜೀಪಿನ ಆ ಸಜೀವನ್‌ನ ಹಾಗೆ ಗೇರು ಹಾಕುವಾಗ ಜೀಪನ್ನು ಕಪ್ಪೆ ಕುಣಿಸಿದ ಹಾಗೆ ಕುಣಿಸುವವನಲ್ಲ. ಅಂಥ ನಾನು ಸೋಮವಾರ ಸ್ಟೇರಿಂಗ್ ಹಿಡಿಯಬಹುದೋ ಬಾರದೋ ಎಂಬ ಪ್ರಶ್ನೆ ಎದ್ದಿದೆ. ಎತ್ತಿದವರು ಡಾಕ್ಟರಲ್ಲ, ಪೊಲೀಸಲ್ಲ. ಒಬ್ಬರು ಡ್ರಾಯಿಂಗ್ ಟೀಚರು!

ನಾನು ಡ್ರಾಯಿಂಗ್ ಕ್ಲಾಸಿಗೆ ಸೇರಿದ್ದು ನಿನಗೆ ಹೇಳಿರಲಿಲ್ಲ. ಏಪ್ರಿಲಿನಲ್ಲಿ ಕೇಣಿಚಿರದಲ್ಲಿ ಲೀಲ ಟೀಚರ್ ಎಂಬವರು ಮೆಣಸು ಕೊಳ್ಳುವ ಅಂಗಡಿಯ ಮಹಡಿಯಲ್ಲಿ ದೊಡ್ಡವರಿಗೆಂದೇ ಒಂದು ಕ್ಲಾಸು ಶುರು ಮಾಡಿದರು. ಅವರ ಮೇಜು, ಹಲಗೆ, ಸ್ಟೂಲುಗಳನ್ನು ಸಾಗಿಸಲು ನನ್ನ ಜೀಪು ಕರೆದರು. ಮೇಲೆ ಹೋಗಿ ನೋಡಿದರೆ ಪೋಸ್ಟ್‌ಮ್ಯಾನ್ ಆಗಿ ರಿಟೈರಾದ ಈ ಶ್ರೀಧರನ್ ನಾಲಗೆ ಕಚ್ಚಿಕೊಂಡು ಹಸು ಬರೆಯುತ್ತಿದ್ದಾನೆ. "ನಾಯಿಗೆ ಕೊಂಬು ಯಾಕೆ ಇಟ್ಟೆ ಮಾರಾಯ?" ಎಂದೆ. ಹೊಲಿಗೆ ಅಂಗಡಿಯ ವಿಜಿ ನಕ್ಕೇ ನಕ್ಕಳು. ಟೀಚರ್ ಮಾತ್ರ ನಗಲಿಲ್ಲ. ಒಂದು ಪೆನ್ಸಿಲ್ ನನ್ನ ಮುಂದೆ ಹಿಡಿದು, "ಹಾಗಾದರೆ ಶಿವೇಟ್ಟ ಕೂತು ಬರೆಯಲಿ" ಎಂದರು. ಶಿವೇಟ್ಟ ಎಂದರೆ ನಾನೇ, ಶಿವನಂಜಪ್ಪ ಎನ್ನುವುದು ಮಲೆಯಾಳಿ ಬಾಯಿಗೆ ಉದ್ದವಾಗುತ್ತದೆ. ನಾನು ಬಿಡುತ್ತೇನೆಯೇ? ಎತ್ತು ಬರೆದೆ. ಹಿಂದೆ ನಾಲ್ಕನೇ ಕ್ಲಾಸಿನಲ್ಲಿ ನಾನು ಬರೆದ ಮೈಸೂರು ರಾಜ್ಯದ ನಕ್ಷೆಯನ್ನು ಮೇಷ್ಟ್ರು ಗೋಡೆಗೆ ಅಂಟಿಸಿದ್ದರು ಎಂದೂ ಹೇಳಿದೆ. ಟೀಚರ್ ಎತ್ತನ್ನು ನೋಡಿ, "ಇದು ನಿಮಗೆ ಗೊತ್ತಿರುವ ಎತ್ತು. ನೋಡಿದ ಎತ್ತಲ್ಲ" ಎಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ಅದನ್ನು ತಿಳಿಯುವುದಕ್ಕೇ ಮಾರನೆಯ ಶನಿವಾರವೂ ಹೋದೆ, ಆಮೇಲೆ ಬಿಡಲಾಗಲಿಲ್ಲ.

ಕೂಸೇ, ಪೆನ್ಸಿಲ್ ಹಿಡಿಯುವುದರಲ್ಲೂ ಇಷ್ಟೊಂದು ಇದೆ ಎಂದು ಯಾರು ತಿಳಿದಿದ್ದರು! ಬರೆಯುವ ಹಾಗೆ ತುದಿಯಲ್ಲಿ ಹಿಡಿಯಬಾರದು, ಹಿಂದೆ ಹಿಡಿದು ಭುಜದಿಂದ ಎಳೆಯಬೇಕು. ಮೊದಲು ಬರೀ ಗೆರೆ. ಅಡ್ಡಗೆರೆ, ಉದ್ದಗೆರೆ, ಗದ್ದೆಯಲ್ಲಿ ಪೈರು ನೆಟ್ಟ ಹಾಗೆ ಸಾಲು ಸಾಲು. ಆಮೇಲೆ ಮೊಟ್ಟೆ. ಕಿಟಕಿಯ ಬೆಳಕು ಎಲ್ಲಿ ಬಿದ್ದಿದೆ, ಎಲ್ಲಿ ಕಪ್ಪಾಗುತ್ತಾ ಹೋಗಿದೆ ಎಂದು ನೋಡಿ ಮೆತ್ತನೆಯ ಪೆನ್ಸಿಲಿನಲ್ಲಿ ತೀಡಬೇಕು. ಮೊಟ್ಟೆ ಮುಟ್ಟದ ವಂಶದವನು ನಾನು, ಮೊಟ್ಟೆಯ ಮುಂದೆ ತಪಸ್ಸಿಗೆ ಕೂತ ಹಾಗೆ ಕೂತೆ. ಮನೆಗೆ ತಂದು ಅಕ್ಕನಿಗೆ ಆಲೂಗೆಡ್ಡೆ ಎಂದು ಹೇಳಿ ತೋರಿಸಿದೆ. "ಆಲೂಗೆಡ್ಡೆ ಇಷ್ಟು ನುಣ್ಣಗೆ ಎಲ್ಲದ್ಲಾ? ಕೋಳಿ ಮೊಟ್ಟೆ ಕನ ಇದು, ತಕ್ಕೊಂಡೋಗು ಆಚೆಗೆ" ಎಂದು ಓಡಿಸಿದಳು. ಅವಳಿಗೇ ಗುರುತು ಸಿಕ್ಕಿತೆಂದರೆ ನನ್ನ ಕೈಚಳಕ ಎಂಥದು ನೋಡು. ಅದರ ಒಂದು ಬದಿ ಚಪ್ಪಟೆಯಾಗಿತ್ತು ನಿಜ. ಟೀಚರ್ ಆ ಜಾಗದ ಮೇಲೆ ಬೆರಳಿಟ್ಟು ಸುಮ್ಮನೆ ನನ್ನ ಮುಖ ನೋಡಿದ್ದರು. ಆಗ ನನಗೆ ಅದು ಮನಸ್ಸಿಗೇ ಬರಲಿಲ್ಲ.

ಹೋದ ಶನಿವಾರ ಮೇಜಿನ ಮೇಲೆ ಒಂದು ಗಿಂಡಿ ಇಟ್ಟರು. ಇಲ್ಲಿನ ಮನೆಗಳ ಜಗುಲಿಯಲ್ಲಿ ಕಾಲು ತೊಳೆಯಲು ಇಡುತ್ತಾರಲ್ಲ, ಪಕ್ಕಕ್ಕೆ ಕೊಕ್ಕಿನಂಥ ಮೂತಿ ಇರುವ ಹಿತ್ತಾಳೆ ಪಾತ್ರೆ, ಅದು. ಒಂದು ಕಣ್ಣು ಮುಚ್ಚಿ, ಕೈ ನೇರ ಚಾಚಿ, ಪೆನ್ಸಿಲಿನಲ್ಲಿ ಅಳತೆ ತೆಗೆದೆ. ಹೊಟ್ಟೆ, ಕತ್ತು, ಬಾಯಿ, ಅಡಿಯ ನೆರಳು, ಎಲ್ಲ ಬಂತು. ಎಲ್ಲರಿಗಿಂತ ಮೊದಲು ಮುಗಿಸಿದವನು ನಾನೇ. ಎದ್ದು ನಿಂತು, "ಬನ್ನಿ, ನೋಡಿ ಕಲಿಯಿರಿ" ಎಂದು ಕರೆದೆ. ಬಂದರು, ನೋಡಿದರು. ವಿಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಶ್ರೀಧರನ್, "ಶಿವೇಟ್ಟಾ, ಇದು ಗಿಂಡಿಯೋ ಉಪ್ಪಿನಕಾಯಿ ಭರಣಿಯೋ? ಮೂತಿ ಎಲ್ಲಿ?" ಎಂದ. "ಇದಕ್ಕೆ ಮೂತಿ ಎಲ್ಲಿದೆ ಮಾರಾಯ? ಮುರಿದುಹೋದ ಗಿಂಡಿ ಇಟ್ಟಿದ್ದಾರೆ" ಎಂದು ನಾನು ರೇಗಿದೆ. ಎಲ್ಲರೂ ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ನಾನೂ ನಕ್ಕೆ. ನಗುತ್ತಾ ಕತ್ತು ಸ್ವಲ್ಪ ತಿರುಗಿಸಿದೆ ನೋಡು. ಮೂತಿ ಬಂತು! ಇಲ್ಲದ ಜಾಗದಿಂದ ಹಿತ್ತಾಳೆಯ ಕೊಕ್ಕು ಹೊರಟು ಚಾಚಿಕೊಂಡಿತು. ಗಿಂಡಿಯ ಎಡಗಡೆಗೆ, ಅಷ್ಟುದ್ದ. ಕತ್ತು ನೆಟ್ಟಗೆ ಮಾಡಿದೆ, ಹೋಯಿತು. ಕಪ್ಪಾಗಿ ಹೋಗಲಿಲ್ಲ, ಮಂಜು ಮುಚ್ಚಿದ ಹಾಗೂ ಅಲ್ಲ. ಅಲ್ಲಿ ಏನೂ ಇಲ್ಲವೇ ಇಲ್ಲ, ಇಲ್ಲ ಎಂಬುದೂ ತಿಳಿಯುವುದಿಲ್ಲ, ಹಾಗೆ.

ಟೀಚರ್ ಎಲ್ಲರನ್ನೂ ಚಹಾಕ್ಕೆ ಕಳಿಸಿ ನನ್ನನ್ನು ಕೂರಿಸಿದರು. ನನ್ನ ಹಳೆಯ ಹಾಳೆಗಳನ್ನೆಲ್ಲ ಬೆಂಚಿನ ಮೇಲೆ ಹರಡಿದರು. ಚಪ್ಪಟೆ ಮೊಟ್ಟೆ. ಒಂದು ಬದಿ ಎಲೆಯೇ ಇಲ್ಲದ ವೀಳ್ಯದೆಲೆ ಬಳ್ಳಿ. ಹಿಡಿ ಇಲ್ಲದ ಕೊಡೆ. ಎಲ್ಲದರಲ್ಲೂ ಎಡಗಡೆ ಹಾಳೆ ಬಿಳಿ. "ನಾನು ಸ್ಟೈಲು ಎಂದುಕೊಂಡಿದ್ದೆ ಶಿವೇಟ್ಟಾ" ಎಂದರು. ಆಮೇಲೆ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಅದನ್ನು ಬಿಟ್ಟು ಬೇರೆ ಕಡೆ ನೋಡಬೇಡಿ, ನನ್ನ ಪೆನ್ಸಿಲ್ ಕಂಡ ಕೂಡಲೇ ಹೇಳಿ ಎಂದು ನನ್ನ ಹಿಂದೆ ನಿಂತರು. ಬಲಗಡೆಯಿಂದ ತಂದಾಗ ಕಿವಿಯ ಹತ್ತಿರ ಬಂದ ಕೂಡಲೇ ಕಂಡೆ ಎಂದೆ. ಎಡಗಡೆ ಕಾಯುತ್ತಾ ಕೂತೆ. ಕೆಳಗೆ ಅಂಗಡಿಯಲ್ಲಿ ಮೆಣಸು ತೂಗುವವರ ಮಾತು ಕೇಳುತ್ತಿತ್ತು. "ಟೀಚರ್, ಶುರು ಮಾಡಿ" ಎಂದೆ. ಇನ್ನೂ ಏನೂ ಕಾಣಲಿಲ್ಲ. "ತಮಾಷೆ ಬೇಡ, ಪೆನ್ಸಿಲ್ ತನ್ನಿ" ಎಂದೆ. ಆಗ ಮೂಗಿನ ತುದಿಗೆ ಏನೋ ತಣ್ಣಗೆ ತಗುಲಿತು. ಪೆನ್ಸಿಲ್ ಅಲ್ಲಿಯವರೆಗೆ ಬಂದುಬಿಟ್ಟಿತ್ತು. "ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ಗಾಡಿ ಮುಟ್ಟಬೇಡಿ. ಇವತ್ತೇ ಮುಟ್ಟಬೇಡಿ" ಎಂದರು.

ನಾನು ಏನು ಮಾಡಿದೆ ಎಂದು ನಿನಗೆ ಊಹೆ ಇರಬೇಕು. "ಗೊಂಬೆ ಬರೆಯುವವರಿಗೆ ಗಾಡಿಯ ವಿಷಯ ಏನು ಗೊತ್ತು?" ಎಂದು ಮೆಟ್ಟಿಲಿಳಿದು ಬಂದು ಜೀಪು ಸ್ಟಾರ್ಟ್ ಮಾಡಿದೆ. ಪುಲ್ಪಳ್ಳಿಯವರೆಗೆ ಹೂವಿನ ಹಾಗೆ ಬಂದೆ. ಆ ದಾರಿ ನನ್ನ ಅಂಗೈ, ಕಣ್ಣು ಬೇಕೇ? ಆದರೆ ನಮ್ಮ ತಿರುವು, ಹಾಡಿಯ ದಾರಿ ಬಂದು ಸೇರುವ ಜಾಗ, ಅಲ್ಲಿ ಹತ್ತಿರ ಹತ್ತಿರ ಬರುತ್ತಿದ್ದಂತೆ ಬಾನೆಟ್ಟಿನ ಮೇಲೆ ಢಬ್ ಎಂದು ಏಟು ಬಿತ್ತು. ಬ್ರೇಕು ತುಳಿದೆ. "ಏ ಮಾವಾ! ಕಣ್ಣ ಎಲ್ಲಿ ಮಡಗಿದ್ದಿ? ಮಕ್ಕ ನಿಂತವೆ ಕಾಣಾದಿಲ್ವ?" ಎಂದು ನಾರಾಯಣಿ ಕಿರುಚುತ್ತಿದ್ದಳು. ಹಾಡಿಯಲ್ಲಿ ಕೇಳು ಎಂಬವನಿದ್ದಾನಲ್ಲ, ಅವನ ಹೆಂಡತಿ. ಕೊಡೆಯಲ್ಲಿ ಹೊಡೆದಿದ್ದಳು. ಕತ್ತು ತಿರುಗಿಸಿದಾಗ ಕಂಡೆ. ಅವಳು, ಅವಳ ಸೀರೆ ಹಿಡಿದುಕೊಂಡು ಮಕ್ಕಳು. ಮುಂದಿನ ಚಕ್ರಕ್ಕೂ ಅವರ ಕಾಲಿಗೂ ನಡುವೆ ನಿನ್ನ ಚಪ್ಪಲಿ ಇಡುವಷ್ಟು ಜಾಗವಿತ್ತು. ನಾನು ಏನು ಹೇಳಿದೆ ಗೊತ್ತೇ? "ಹೆದರಿಸುವುದಕ್ಕೆ ಬಂದೆ ಕಣೇ, ರಸ್ತೆ ಬದಿ ಸರಿಯಾಗಿ ನಿಲ್ಲುತ್ತೀರೋ ಇಲ್ಲವೋ ಎಂದು." ಮಕ್ಕಳು ನಕ್ಕವು. ನಾರಾಯಣಿ ನಗಲಿಲ್ಲ.

ಅವತ್ತಿನಿಂದ ಹಳೆಯದೆಲ್ಲ ಒಂದೊಂದಾಗಿ ಎದ್ದು ಬರುತ್ತಿದೆ. ಚೆಲುವಮ್ಮನ ಮಗಳ ಮದುವೆಯಲ್ಲಿ ಎಲೆಗೆ ಉಪ್ಪು ಬಡಿಸಿಲ್ಲ, ಉಪ್ಪಿನಕಾಯಿ ಬಡಿಸಿಲ್ಲ, ಇದೆಂಥ ಮದುವೆ ಎಂದು ನಾನು ಪಂಕ್ತಿಯಲ್ಲೇ ಕೂಗಾಡಿದೆ. ಅಕ್ಕ ಬಂದು, "ಅಲ್ಲೇ ಅದಲ್ಲ, ಎಲೆ ಎಡತುದೀಲಿ! ಮಾನ ಕಳೀಬೇಡ, ಉಣ್ಣು" ಎಂದು ತಲೆಗೆ ಮೊಟಕಿದಳು. ಜೀಪಿನ ಎಡಗಡೆಯ ಕನ್ನಡಿ ಯುಗಾದಿಯಿಂದೀಚೆಗೆ ಎರಡು ಸಲ ಹೋಯಿತು. ಒಂದು ಸಲ ಕರೆಂಟು ಕಂಬ ರಸ್ತೆಗೆ ವಾಲಿತ್ತು ಎಂದೆ, ಇನ್ನೊಂದು ಸಲ ಎಮ್ಮೆ ಎಂದೆ. ನಿನಗೆ ಡ್ರೈವಿಂಗ್ ಕಲಿಸುವಾಗ ಕನ್ನಡಿ ನೋಡು, ಕನ್ನಡಿ ನೋಡು ಎಂದು ಬಡಕೊಂಡವನು ಇದೇ ಮಾವ. ಯುಗಾದಿಯ ಹಿಂದಿನ ದಿನ ತಲೆ ಸಿಡಿದು ವಾಂತಿಯಾಗಿ ಮಲಗಿದ್ದೆ. ಪಿತ್ತ ಎಂದು ಶುಂಠಿ ಕಷಾಯ ಕುಡಿದೆ. ನೀನು ನರ್ಸಮ್ಮ, ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೋ, ನಿನಗೇ ಗೊತ್ತು.

ಸುಮ್ಮನೆ ಕೂರುವ ಜಾತಿಯವನಲ್ಲ ನಾನು. ಬುಧವಾರ ಅಕ್ಕ ಸಂಘದ ಮೀಟಿಂಗಿಗೆ ಹೋದಾಗ ಅಂಗಳದ ದಾರಿಯ ಎಡ ಅಂಚಿನಲ್ಲಿ ಒಂದು ಬಕೆಟ್ಟು, ಒಂದು ಪೇಂಟ್ ಡಬ್ಬ, ಕೊನೆಗೆ ಅಕ್ಕನ ಬೂದುಗುಂಬಳ ಇಟ್ಟು, ರಸ್ತೆಯಲ್ಲಿ ನೋಡುವ ಹಾಗೆ ನೆಟ್ಟಗೆ ನೋಡುತ್ತಾ ಜೀಪು ಬಿಟ್ಟೆ. ನಾನೇ ಇಟ್ಟದ್ದು, ಎಲ್ಲಿದೆ ಎಂದು ಗೊತ್ತಿದೆ, ಆದ್ದರಿಂದ ಬಕೆಟ್ಟು ತಪ್ಪಿತು, ಡಬ್ಬವೂ ತಪ್ಪಿತು. ಗೆದ್ದೆ ಎಂದುಕೊಂಡೆ. ಆಗ ಚಕ್ರದಡಿ ಪಚಕ್ ಎಂದಿತು. ಎಂಜಿನ್ ಆಫ್ ಮಾಡಿ ಸ್ಟೇರಿಂಗ್ ಹಿಡಿದೇ ಕೂತೆ ಮಗಳೇ. ಇಳಿದು ನೋಡುವುದಕ್ಕೆ ಧೈರ್ಯ ಬರಲಿಲ್ಲ, ಬರೀ ಕುಂಬಳಕಾಯಿ ಎಂದು ಗೊತ್ತಿದ್ದರೂ. ಅಕ್ಕ ಬಂದು ಕೇಳಿದಾಗ ಆನೆ ಬಂದಿತ್ತು ಎಂದೆ. ಅವಳು ಬಗ್ಗಿ ಗುರುತು ನೋಡಿ, "ಆನೆಗೆ ಟೈರು ಯಾವಾಗ ಬಂತ್ಲಾ ನಂಜ?" ಎಂದು ಕೇಳಿ ಒಳಗೆ ಹೋದಳು. ಮತ್ತೆ ಆ ಮಾತು ಎತ್ತಿಲ್ಲ. ಅವಳು ಮಾತು ಎತ್ತದಿದ್ದರೆ ನನಗೆ ಹೆಚ್ಚು ಭಯ.

ನಿನ್ನೆ ನಾರಾಯಣಿಯ ಗಂಡ ಕೇಳು ಬಂದಿದ್ದ. ಅಂಗಳದಲ್ಲೇ ನಿಂತು, "ತಿಂಗಳಾಳ್ಚೆ ಗಾಡಿ ಬತ್ತದಲ್ಲ ಮಾವಾ?" ಎಂದ. ಸೋಮವಾರ ಎನ್ನುವುದಕ್ಕೆ ಅವನು ಯಾವಾಗಲೂ ಮಲೆಯಾಳದ ಮಾತನ್ನೇ ಆಡುತ್ತಾನೆ. ನಾರಾಯಣಿ ಏನು ಹೇಳಿ ಕಳಿಸಿದ್ದಳೋ, ಅವನ ಮುಖದಲ್ಲಿ ಬೇರೊಂದು ಪ್ರಶ್ನೆ ಇತ್ತು, ಬಾಯಿಂದ ಬರಲಿಲ್ಲ. ಗಾಡಿ ಬರದಿದ್ದರೆ ಆ ಮಕ್ಕಳು ಕಾಡಿನ ದಾರಿಯಲ್ಲಿ ನಡೆಯಬೇಕು. ಒಂದು ವಾರ ನಡೆದಾವು, ಆಮೇಲೆ ಶಾಲೆಯನ್ನೇ ಬಿಟ್ಟಾವು. ಅದಕ್ಕೇ ಹೇಳಿದೆ: "ಸೂರ್ಯ ಹುಟ್ಟದಿದ್ದರೂ ಶಿವನಂಜಪ್ಪನ ಜೀಪು ಬರುತ್ತದೆ, ಹೋಗು."

ಹೇಳಿದ್ದು ಹೇಳಿದ್ದೇ. ನಾನು ಎಲ್ಲ ಯೋಚನೆ ಮಾಡಿಟ್ಟಿದ್ದೇನೆ. ನಿಧಾನ ಓಡಿಸುತ್ತೇನೆ. ಪ್ರತಿ ತಿರುವಿಗೂ ಕತ್ತು ಎಡಕ್ಕೆ ತಿರುಗಿಸುತ್ತೇನೆ. ಆಗ ಎದುರಿಗೆ ಬಸ್ಸು ಬಂದರೆ ಎಂದು ಕೇಳಬೇಡ, ಅದಕ್ಕೂ ಒಂದು ದಾರಿ ಹುಡುಕುತ್ತೇನೆ. ಎಲ್ಲಕ್ಕಿಂತ ಮೇಲಾಗಿ ನನ್ನ ಕಿವಿ ಇದೆ. ಎಲೆ ಉದುರಿದರೂ ಕೇಳುವ ಕಿವಿ. ಅವತ್ತೂ ಕೊಡೆಯ ಏಟು ಕೇಳಿಯೇ ನಿಲ್ಲಿಸಿದ್ದು ತಾನೆ? ಎಡಗಡೆ ಯಾರೇ ಬರಲಿ, ಕಣ್ಣು ಹೇಳದಿದ್ದರೆ ಕಿವಿ ಹೇಳುತ್ತದೆ. ನಲವತ್ತು ವರ್ಷ ಓಡಿಸಿದವನಿಗೆ ಪಕ್ಕದಲ್ಲಿ ಒಬ್ಬರು ಇದ್ದರೆ ಮೈಗೇ ತಿಳಿಯುತ್ತದೆ ಕೂಸೇ. ಆದ್ದರಿಂದ ನೀನು ಗಾಬರಿಪಟ್ಟು ಫೋನ್ ಮಾಡಿ ಅಮ್ಮನಿಗೆ ಹೇಳಬೇಡ. ಮುಂದಿನ ರಜೆಗೆ ಬಂದಾಗ ನಿಧಾನವಾಗಿ ಯಾವುದಾದರೂ ಡಾಕ್ಟರನ್ನು ನೋಡೋಣ.

ನಿನ್ನ ಕಾಲಿನ ಬಗ್ಗೆ ಹೇಳಿದ್ದನ್ನು ಮರೆಯಬೇಡ. ಹೊತ್ತು ಹೊತ್ತಿಗೆ ಉಣ್ಣು. ಮಹದೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ವಾರ್ಡಿನ ರೋಗಿಗಳು ಬೇಗ ಮನೆಗೆ ಹೋಗಲಿ, ನಿನಗೆ ಒಂದು ರಾತ್ರಿಯಾದರೂ ಪೂರ್ತಿ ನಿದ್ದೆ ಸಿಗಲಿ.

ಇಂತಿ, ಗೆರೆ ಎಳೆಯುವುದರಲ್ಲೂ ಗೇರು ಹಾಕುವುದರಲ್ಲೂ ಈ ಸೀಮೆಗೇ ಮೊದಲಿಗನಾದ
ನಿನ್ನ ಮಾವ,
ಶಿವನಂಜಪ್ಪ

ಮರೆತ ಮಾತು: ಲತಾ, ಮೇಲಿನದನ್ನು ಹರಿದು ಹಾಕೋಣ ಎಂದುಕೊಂಡೆ, ಹೊತ್ತಿಲ್ಲ. ಸಹಿ ಹಾಕಿ ಪೆನ್ನು ಮುಚ್ಚಿ ಒಳಗೆ ಕೂಗಿದೆ, "ಅಕ್ಕಾ, ಈ ಶ್ರೀಧರನ್ ಇನ್ನೂ ಯಾಕೆ ಬರಲಿಲ್ಲ? ಮಳೆಗೆ ಹೆದರಿದನೋ ಏನೋ!" ಅಕ್ಕ ಬಾಗಿಲಿಗೆ ಬಂದು ನಿಂತಳು. ನನ್ನ ಪಕ್ಕದಿಂದಲೇ ದನಿ ಬಂತು: "ನಾನು ಇಲ್ಲೇ ಇದ್ದೀನಲ್ಲ ಶಿವೇಟ್ಟಾ." ಅದೇ ಬೆಂಚಿನಲ್ಲಿ, ನನ್ನ ಎಡಗಡೆ, ನನ್ನ ಪಂಚೆಯ ಅಂಚಿನ ಮೇಲೆ ಕೂತಿದ್ದಾನೆ. ಕೈಯಲ್ಲಿ ಅಕ್ಕ ಕೊಟ್ಟ ಕಾಫಿ ಲೋಟ ಖಾಲಿಯಾಗಿತ್ತು. ನಾನು ಬರೆಯುವುದರಲ್ಲಿ ಮುಳುಗಿದ್ದೇನೆ, ತೊಂದರೆ ಕೊಡುವುದು ಬೇಡ ಎಂದು ಸುಮ್ಮನೆ ಕೂತನಂತೆ. ಅಕ್ಕ ಬಂದು ಕಾಫಿ ಕೊಟ್ಟು ಹೋಗಿದ್ದಳಂತೆ. ಕಣ್ಣೂ ಹೇಳಲಿಲ್ಲ, ಕಿವಿಯೂ ಹೇಳಲಿಲ್ಲ, ಮೈಯೂ ಹೇಳಲಿಲ್ಲ. ಹಾಡಿಯ ಮಕ್ಕಳು ಶ್ರೀಧರನ್‌ಗಿಂತಲೂ ಸುಮ್ಮನೆ ನಿಲ್ಲುತ್ತವೆ ಕೂಸೇ. ಜೀಪು ಬರುವವರೆಗೆ ಒಂದೂ ಬಾಯಿ ಬಿಡುವುದಿಲ್ಲ.

ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಕ್ಕಿದ್ದು ಜೀಪಿನ ಕೀಲಿ. ಎರಡೂ. ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದ ಇನ್ನೊಂದನ್ನೂ ತೆಗೆದು ಹಾಕಿದ್ದೇನೆ. ಅಕ್ಕನ ಕೈಗೆ ಕೊಟ್ಟರೆ ಅವಳ ಉಪ್ಪೆಸರು ಸಾರನ್ನು ಎರಡು ಮಾತು ಹೊಗಳಿ ಭಾನುವಾರ ರಾತ್ರಿಯೊಳಗೆ ವಾಪಸ್ ತೆಗೆದುಕೊಂಡಿರುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ನಾನು ಕೇಳಿದರೂ ನೀನು ಕೊಡಬೇಡ. ಅತ್ತರೂ ಕೊಡಬೇಡ. ಸಜೀವನ್‌ಗೆ ಈಗಷ್ಟೇ ಫೋನ್ ಮಾಡಿದೆ. ಎಷ್ಟು ಹೊತ್ತು ನಕ್ಕನೋ ನಕ್ಕ, ಆಮೇಲೆ ಬರುತ್ತೇನೆ ಎಂದ. ಸೋಮವಾರ ಅವನ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಮಕ್ಕಳು ಎಲ್ಲೆಲ್ಲಿ ನಿಲ್ಲುತ್ತವೆ ಎಂದು ತೋರಿಸಿಕೊಟ್ಟು, ಮಂಗಳವಾರ ಬಸ್ಸು ಹತ್ತಿ ನಿನ್ನ ಆಸ್ಪತ್ರೆಗೆ ಬರುತ್ತೇನೆ. ಡಾಕ್ಟರಿಗೆ ಹೇಳಿಡು. ಅಕ್ಕನೂ ಬರುತ್ತಾಳಂತೆ, ಕುಂಬಳಕಾಯಿ ದಿನವೇ ಗೊತ್ತಿತ್ತಂತೆ ಅವಳಿಗೆ. ಶ್ರೀಧರನ್ ಎದ್ದು ನಿಂತಿದ್ದಾನೆ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬಲಗಡೆಗೆ ಬಂದು ನಿಂತುಕೊ ಮಗಳೇ. ಎಡಗಡೆ ನಿಂತು, ಮಾವ ನೋಡಿಯೂ ಮಾತಾಡಿಸಲಿಲ್ಲ ಎಂದು ನೊಂದುಕೊಳ್ಳಬೇಡ.